ಸಯ್ಯಿದ್ ಸಯೀದ್ ಮತ್ತು ಅವರ 74 ಫಿರಂಗಿಯ ಹಡಗು

ಸೊಹಾರ್ ಕೋಟೆಯನ್ನು ಹೊರಗಿನಿಂದ ನೋಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಊರಿನಿಂದ ಹೊಸಬರು ಬಂದರೆ ಮೊದಲ ಶುಕ್ರವಾರ ಅವರನ್ನು ಕಾರ್ನಿಶ್‌ಗೆ ಕರ್ಕೊಂಡು ಹೋಗಿ, ಆ ಬಿಳಿ ಗೋಡೆಯ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆದು, ಮೀನು ಮಾರ್ಕೆಟ್ ತೋರಿಸಿ, ಚಹಾ ಕುಡಿಸಿ ವಾಪಸ್ ಕ್ಯಾಂಪಿಗೆ ಬಿಡುವುದು ನಮ್ಮ ವಾಡಿಕೆ. ಕೋಟೆಯ ಒಳಗೆ ಹೋಗುವವರು ಕಡಿಮೆ. ಅದರ ಕಥೆ ಗೊತ್ತಿರುವವರು ಇನ್ನೂ ಕಡಿಮೆ.

ಒಮಾನನ್ನು ಇವತ್ತಿಗೂ ಆಳುತ್ತಿರುವ ಅಲ್ ಬುಸಯೀದಿ ಮನೆತನ ತಲೆ ಎತ್ತಿದ್ದು ಈ ಸೊಹಾರಿನಿಂದಲೇ. 1743ರಲ್ಲಿ ಪರ್ಷಿಯಾದ ನಾದಿರ್ ಶಾನ ಸೈನ್ಯ ಸಮುದ್ರ ದಾಟಿ ಬಂದು ಸೊಹಾರಿಗೆ ಮುತ್ತಿಗೆ ಹಾಕಿದಾಗ ಇಲ್ಲಿನ ವಾಲಿ ಆಗಿದ್ದವರು ಅಹ್ಮದ್ ಬಿನ್ ಸಯೀದ್. ತಿಂಗಳುಗಟ್ಟಲೆ ಅವರು ಕೋಟೆ ಬಿಟ್ಟುಕೊಡಲಿಲ್ಲ. ಕೊನೆಗೆ ಪರ್ಷಿಯನ್ನರೇ ಹೊರಟುಹೋಗಬೇಕಾಯ್ತು, ಅಹ್ಮದ್ ದೇಶಕ್ಕೆ ಇಮಾಮ್ ಆದರು. ಅವರ ಮೊಮ್ಮಗ ಸಯ್ಯಿದ್ ಸಯೀದ್ ಬಿನ್ ಸುಲ್ತಾನ್. 1806ರಿಂದ 1856ರವರೆಗೆ, ಐವತ್ತು ವರ್ಷ ಆಳಿದವರು. ಇಲ್ಲಿಂದ ಆಫ್ರಿಕಾದ ಜಾಂಜಿಬಾರ್‌ವರೆಗೆ ಒಂದೇ ಬಾವುಟದ ಕೆಳಗೆ ತಂದವರು.

ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಜಾಂಜಿಬಾರ್, ಅರಮನೆ, ಲವಂಗ ಅಂತ ಶುರು ಮಾಡ್ತಾರೆ. ನಾನು ಒಂದು ಹಡಗನ್ನು ಹಿಡಿದುಕೊಂಡು ಹೇಳ್ತೇನೆ. ಆ ಹಡಗು ಕಟ್ಟಿದ್ದು ಮುಂಬೈಯಲ್ಲಿ, ಸೇವೆ ಮಾಡಿದ್ದು ಮೊದಲು ಒಮಾನಿಗೆ, ಆಮೇಲೆ ಬ್ರಿಟಿಷ್ ನೌಕಾಪಡೆಗೆ, ಸತ್ತಿದ್ದು ವೆಸ್ಟ್ ಇಂಡೀಸಿನಲ್ಲಿ. ಮನುಷ್ಯನ ಕಥೆಯೂ ಹಡಗಿನ ಕಥೆಯೂ ಒಂದಕ್ಕೊಂದು ಹೊಸೆದುಕೊಂಡಿವೆ.

ಸಯೀದ್ ಹುಟ್ಟಿದ್ದು 1791ರಲ್ಲಿ. ಆಗ ಮಂಗಳೂರು ಟಿಪ್ಪು ಸುಲ್ತಾನನ ಕೈಯಲ್ಲಿತ್ತು. ಮಂಗಳೂರಿಗೂ ಮಸ್ಕತ್ತಿಗೂ ನಂಟು ಅಷ್ಟರಲ್ಲಾಗಲೇ ಹಳೆಯದಾಗಿತ್ತು. ಒಮಾನಿಗೆ ಅಕ್ಕಿ ಹೊರಗಿನಿಂದಲೇ ಬರಬೇಕು. ಕೆನರಾ ಕರಾವಳಿಯ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು, ಈ ಕಡೆಯಿಂದ ಖರ್ಜೂರವೂ ಕುದುರೆಯೂ ಅಲ್ಲಿಗೆ ಬರುತ್ತಿದ್ದವು. ನಂಟು ಅಂದ ಮೇಲೆ ಜಗಳವೂ ಇರ್ತದೆ. ಪೋರ್ಚುಗೀಸರು ಅರಬರ ವ್ಯಾಪಾರಕ್ಕೆ ಅಡ್ಡಗಾಲು ಹಾಕಿದರು ಅಂತ 1695ರಲ್ಲಿ ಅರಬರು ಮಂಗಳೂರಿಗೇ ಬೆಂಕಿ ಇಟ್ಟಿದ್ದರು. ಟಿಪ್ಪುವಿನ ಕಾಲಕ್ಕೆ ಅದೆಲ್ಲ ಮರೆತು, ಮೈಸೂರು ಸರ್ಕಾರದ ವ್ಯಾಪಾರದ ಕೋಠಿ ಮಸ್ಕತ್ತಿನಲ್ಲೇ ಇತ್ತು. ಅಂದ್ರೆ ಇನ್ನೂರು ವರ್ಷಗಳ ಹಿಂದೆಯೇ ನಮ್ಮ ಕಡೆಯ ಸರ್ಕಾರದ ಗುಮಾಸ್ತರು ಮಸ್ಕತ್ತಿನ ಬಿಸಿಲಲ್ಲಿ ಕೂತು ಲೆಕ್ಕ ಬರೆಯುತ್ತಿದ್ದರು ಅಂತಾಯ್ತು. ಅವರಿಗೂ ರಜೆ ಸಿಗುತ್ತಿತ್ತೋ ಇಲ್ಲವೋ!

ಸಯೀದ್ ಅವರ ತಂದೆ ಸುಲ್ತಾನ್ ಬಿನ್ ಅಹ್ಮದ್ ಎರಡು ದೋಣಿಯಲ್ಲಿ ಕಾಲಿಟ್ಟು ನಡೆಯಲು ನೋಡಿದವರು. ಟಿಪ್ಪುವಿನ ಜೊತೆ ವ್ಯಾಪಾರವೂ ಬೇಕಿತ್ತು, ಫ್ರೆಂಚರ ಜೊತೆ ಸ್ನೇಹವೂ ಬೇಕಿತ್ತು. 1798ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಫ್ರೆಂಚರನ್ನು ದೂರ ಇಡಬೇಕು ಅನ್ನುವುದೇ ಅದರ ಸಾರ. ಮರುವರ್ಷ ಜನವರಿಯಲ್ಲಿ ಈಜಿಪ್ಟಿನಲ್ಲಿದ್ದ ನೆಪೋಲಿಯನ್ ಮಸ್ಕತ್ತಿನ ಸುಲ್ತಾನರಿಗೆ ಒಂದು ಪತ್ರ ಬರೆದು, ಅದರ ಜೊತೆ ಟಿಪ್ಪುವಿಗೆ ತಲುಪಿಸಲು ಇನ್ನೊಂದು ಪತ್ರ ಇಟ್ಟ. ಎರಡೂ ತಲುಪಲಿಲ್ಲ, ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿಬಿದ್ದವು. ಅದೇ 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಕೆನರಾ ಜಿಲ್ಲೆ ಕಂಪನಿಗೆ ಸೇರಿತು, ಮಲಬಾರ್ ಆಗಲೇ ಸೇರಿತ್ತು. ಹೀಗೆ ಪಶ್ಚಿಮ ಘಟ್ಟದ ತೇಗದ ಕಾಡುಗಳಲ್ಲಿ ಬಹುಪಾಲು ಒಂದೇ ಯಜಮಾನನ ಕೈಗೆ ಬಂತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

1804ರ ಕೊನೆಗೆ ಸುಲ್ತಾನ್ ಬಿನ್ ಅಹ್ಮದ್ ಸಮುದ್ರದಲ್ಲಿ ನಡೆದ ಒಂದು ಚಕಮಕಿಯಲ್ಲಿ ತೀರಿಕೊಂಡರು. ಮಕ್ಕಳು ಚಿಕ್ಕವರು. ಅಧಿಕಾರ ದಾಯಾದಿ ಬದ್ರ್ ಬಿನ್ ಸೈಫ್ ಕೈಗೆ ಹೋಯಿತು. ಚಿಕ್ಕವರ ಹೆಸರಲ್ಲಿ ಆಳುತ್ತೇನೆ ಅಂತ ಬಂದವರು ತಾವೇ ಕಾಯಂ ಆಗುವುದು ನಮ್ಮೂರಿನ ಆಸ್ತಿ ಜಗಳಗಳಲ್ಲೂ ಇರುವುದೇ. 1806ರಲ್ಲಿ, ಇನ್ನೂ ಹದಿನೈದು ವರ್ಷದ ಸಯೀದ್, ಬರ್ಕಾದಲ್ಲಿ ಬದ್ರ್‌ನನ್ನು ಕರೆಸಿ ತನ್ನ ಕೈಯಾರೆ ಖಂಜರಿನಿಂದ ಇರಿದರು. ಗಾಯಗೊಂಡು ಓಡಿದ ಬದ್ರ್‌ನನ್ನು ಅವರ ಕಡೆಯವರು ಅಟ್ಟಿಸಿಕೊಂಡು ಹೋಗಿ ಮುಗಿಸಿದರು. ಈ ಕೆಲಸಕ್ಕೆ ಹುಡುಗನಿಗೆ ಬೆಂಬಲವಾಗಿ ನಿಂತವರು ಸೋದರತ್ತೆ ಮೋಝಾ ಬಿಂತ್ ಅಹ್ಮದ್. ಗಟ್ಟಿ ಹೆಂಗಸು. ಹುಡುಗ ದೊಡ್ಡವನಾಗುವ ತನಕ ರಾಜ್ಯ ಹಿಡಿದು ನಿಲ್ಲಿಸಿದ್ದರಲ್ಲಿ ಅವರ ಪಾಲು ದೊಡ್ಡದು.

ಹೀಗೆ ಶುರುವಾದ ಆಳ್ವಿಕೆ. ಸುತ್ತ ಎಲ್ಲ ಕಡೆ ವೈರಿಗಳು. ಒಳನಾಡಿನಿಂದ ವಹಾಬಿಗಳ ದಾಳಿ, ಸಮುದ್ರದಲ್ಲಿ ರಾಸ್ ಅಲ್ ಖೈಮಾದ ಕವಾಸಿಮರು. ಸೊಹಾರಿನಲ್ಲಿ ಸ್ವಂತ ಚಿಕ್ಕಪ್ಪ ಕೈಸ್ ತನ್ನದೇ ಪಾರುಪತ್ಯ ನಡೆಸುತ್ತಿದ್ದರು. ಅವರು 1808ರಲ್ಲಿ ಖೋರ್ ಫಕ್ಕಾನ್ ಹತ್ತಿರ ಕವಾಸಿಮರ ಜೊತೆಗಿನ ಯುದ್ಧದಲ್ಲಿ ಸತ್ತ ಮೇಲೆ ಸೊಹಾರ್ ಅವರ ಮಕ್ಕಳ ಪಾಲಾಯ್ತು. ಮಸ್ಕತ್ತಿನ ಮನೆಗೂ ಸೊಹಾರಿನ ಮನೆಗೂ ಈ ಎಳೆದಾಟ ಸಯೀದ್ ಅವರ ಜೀವಮಾನವಿಡೀ ಮುಗಿಯಲಿಲ್ಲ.

ಅವರು ಕಂಡುಕೊಂಡ ದಾರಿ ಬ್ರಿಟಿಷರ ಹಡಗು. 1810ರ ಜನವರಿಯಲ್ಲಿ ನಮ್ಮ ಪಕ್ಕದ ಶಿನಾಸ್ ಕೋಟೆಯ ಮೇಲೆ ಬ್ರಿಟಿಷ್ ಹಡಗುಗಳು ಗುಂಡಿನ ಮಳೆ ಸುರಿಸಿದವು. ದಂಡಿನ ಮುಂದಿದ್ದದ್ದು ಶಿಫೋನ್ ಅನ್ನುವ ಯುದ್ಧನೌಕೆ. ಮೂಲದಲ್ಲಿ ಫ್ರೆಂಚರದ್ದು, 1801ರಲ್ಲಿ ಸೇಶೆಲ್ಸ್ ದ್ವೀಪದ ಹತ್ತಿರ ಬ್ರಿಟಿಷರು ಕಿತ್ತುಕೊಂಡಿದ್ದರು. ಸಯೀದ್ ಸೈನ್ಯವೂ ಜೊತೆಗಿತ್ತು. ಕೋಟೆ ಏನೋ ಬಿತ್ತು. ಆದರೆ ಬ್ರಿಟಿಷರು ಲಂಗರು ಎತ್ತಿ ಹೋದ ಮೇಲೆ ಅದನ್ನು ಉಳಿಸಿಕೊಳ್ಳಲು ಸಯೀದ್ ಅವರಿಂದ ಆಗಲಿಲ್ಲ. ಬೇರೆಯವರ ಹಡಗನ್ನು ನಂಬಿದರೆ ಆ ಹಡಗು ಇರುವಷ್ಟು ದಿನ ಮಾತ್ರ ಬಲ. ಸ್ವಂತ ಹಡಗು ಬೇಕು ಅನ್ನುವ ಹಟ ಅವರಲ್ಲಿ ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಶಿನಾಸ್ ಕಡೆಗೆ ಕೈ ತೋರಿಸ್ತೇನೆ.

1819ರ ಡಿಸೆಂಬರಿನಲ್ಲಿ ರಾಸ್ ಅಲ್ ಖೈಮಾದ ಮೇಲೆ ದೊಡ್ಡ ದಾಳಿ ನಡೆದಾಗ ಸಯೀದ್ ತಮ್ಮದೇ ಹಡಗುಗಳೊಂದಿಗೆ ಹೋಗಿ ಸೇರಿಕೊಂಡರು. ಆ ದಾಳಿಯಲ್ಲಿ ಬ್ರಿಟಿಷ್ ನೌಕಾಪಡೆಯ ಮುಖ್ಯ ಹಡಗಿನ ಹೆಸರು ಲಿವರ್‌ಪೂಲ್. ಮುಂದೆ ಸಯೀದ್ ಅವರ ದೊಡ್ಡ ಹಡಗಿಗೂ ಇದೇ ಹೆಸರು ಬರ್ತದೆ, ಗೊಂದಲ ಮಾಡ್ಕೊಬೇಡಿ, ಅದು ಬೇರೆ ಇದು ಬೇರೆ. ಮರುವರ್ಷ ಬನಿ ಬು ಅಲಿ ಅನ್ನುವ ಪಂಗಡದ ಮೇಲೆ ದಂಡೆತ್ತಿ ಹೋದಾಗ ಕಂಪನಿಯ ಸಿಪಾಯಿಗಳು ಹೀನಾಯವಾಗಿ ಸೋತರು. ಆ ಗಲಾಟೆಯಲ್ಲಿ ಓಡಿಹೋಗದೆ ನಿಂತು, ಒಬ್ಬ ಇಂಗ್ಲಿಷ್ ಸೈನಿಕನನ್ನು ಉಳಿಸಲು ಹೋಗಿ ಸಯೀದ್ ಕೈಗೆ ಗುಂಡು ತಿಂದರು. ಬ್ರಿಟಿಷರಿಗೆ ಅವರ ಮೇಲೆ ಗೌರವ ಬಂದದ್ದು ಆಗಲೇ. ಅಲ್ಲಿ ಬಿದ್ದವರಲ್ಲಿ ಹೆಚ್ಚಿನವರು ಹಿಂದೂಸ್ತಾನದಿಂದ ಬಂದ ಸಿಪಾಯಿಗಳು ಅನ್ನುವುದನ್ನೂ ಇಲ್ಲೇ ಸೇರಿಸಿಬಿಡ್ತೇನೆ. ಸಂಬಳಕ್ಕಾಗಿ ಈ ಮರಳಿಗೆ ಬಂದವರಲ್ಲಿ ನಾವೇನೂ ಮೊದಲಿಗರಲ್ಲ.

ಈಗ ಹಡಗಿಗೆ ಬರೋಣ.

ಆ ಕಾಲಕ್ಕೆ ಮುಂಬೈಯ ಹಡಗುಕಟ್ಟೆ ಅಂದ್ರೆ ಇಂಗ್ಲೆಂಡಿನಲ್ಲೂ ಹೆಸರು. ಅಲ್ಲಿನ ಮೇಸ್ತ್ರಿಗಳು ವಾಡಿಯಾ ಅನ್ನುವ ಪಾರ್ಸಿ ಮನೆತನದವರು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅಂತ ಅದೇ ಕೆಲಸ. 1842ರಲ್ಲಿ ಚೀನಾ ಹಾಂಗ್‌ಕಾಂಗ್ ಬಿಟ್ಟುಕೊಟ್ಟ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಕಾರ್ನ್‌ವಾಲಿಸ್ ಹಡಗಿನ ಮೇಲೆ. ಅದು ಮುಂಬೈಯಲ್ಲಿ ಕಟ್ಟಿದ್ದು. 1827ರ ನವರಿನೋ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ನಿಂತಿದ್ದ ಏಷ್ಯಾ ಹಡಗೂ ಮುಂಬೈಯದ್ದೇ. ಗುಟ್ಟು ಇದ್ದದ್ದು ತೇಗದಲ್ಲಿ. ಇಂಗ್ಲೆಂಡಿನ ಓಕ್ ಮರದ ಒಗರು ಕಬ್ಬಿಣದ ಮೊಳೆಯನ್ನು ತಿಂದು ಹಾಕ್ತದೆ. ತೇಗದಲ್ಲಿ ಎಣ್ಣೆ ಇರ್ತದೆ. ಮೊಳೆಗೆ ತುಕ್ಕು ಬೇಗ ಹಿಡಿಯಲ್ಲ, ಮರಕ್ಕೆ ಕೊಳೆ ಬೇಗ ಬರಲ್ಲ, ಬಿಸಿಲಿಗೆ ಸೀಳಲ್ಲ. ಓಕ್ ಹಡಗು ಹದಿನೈದು ವರ್ಷಕ್ಕೆ ರಿಪೇರಿ ಕೇಳುವಾಗ ತೇಗದ್ದು ಆರಾಮಾಗಿ ತೇಲುತ್ತಿರುತ್ತಿತ್ತು. ನಮ್ಮ ಕಡೆಯ ಹಳೇ ಮನೆಗಳ ಕಂಬ, ಬಾಗಿಲು ನೋಡಿದವರಿಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಆ ತೇಗ ಮುಂಬೈಗೆ ಬರುತ್ತಿದ್ದದ್ದು ಪಶ್ಚಿಮ ಘಟ್ಟದ ಕಾಡುಗಳಿಂದ, ಹೆಚ್ಚಾಗಿ ಮಲಬಾರಿನಿಂದ, ಕೆನರಾದಿಂದಲೂ. ಕಡಿದ ಮರವನ್ನು ಆನೆ ಎಳೆದು ಹೊಳೆಗೆ ತರಬೇಕು, ಮಳೆಗಾಲದ ನೀರಲ್ಲಿ ಅಳಿವೆಯವರೆಗೆ ತೇಲಿ ಬರಬೇಕು, ಅಲ್ಲಿಂದ ಸಮುದ್ರದ ಮೇಲೆ ಮುಂಬೈಗೆ ಹೋಗಬೇಕು. 1806ರಲ್ಲೇ ಕಂಪನಿ ವಾಟ್ಸನ್ ಅನ್ನುವ ಕ್ಯಾಪ್ಟನ್‌ನನ್ನು ಮಲಬಾರ್ ಕಡೆಗೆ ಕಾಡಿನ ಅಧಿಕಾರಿಯಾಗಿ ನೇಮಿಸಿ, ತೇಗ ಕಡಿಯುವ ಹಕ್ಕು ಇನ್ನು ಸರ್ಕಾರದ್ದು ಮಾತ್ರ ಅಂತ ಮಾಡಿತು. ತಮ್ಮ ಜಾಗದ ಮರವನ್ನೇ ಮಾರುವಂತಿಲ್ಲದೆ ಜನ ರೋಸಿಹೋದರು. ಕೊನೆಗೆ 1823ರಲ್ಲಿ, ಹಿಂದೆ ಕೆನರಾ ಕಲೆಕ್ಟರ್ ಆಗಿದ್ದು ಆಗ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ಆ ಏಕಸ್ವಾಮ್ಯವನ್ನು ತೆಗೆದುಹಾಕಿದರು. ಅಷ್ಟರೊಳಗೆ ದೊಡ್ಡ ದೊಡ್ಡ ಮರಗಳೆಲ್ಲ ಹಡಗಾಗಿ ಹೋಗಿದ್ದವು.

ಸಯೀದ್ ಅವರಿಗಾಗಿ ಮುಂಬೈಯಲ್ಲಿ ಕಟ್ಟಿದ 74 ಫಿರಂಗಿಯ ಲಿವರ್‌ಪೂಲ್ ನೀರಿಗಿಳಿದದ್ದು 1826ರ ನವೆಂಬರ್ 10ರಂದು. ಆಗ ಮುಖ್ಯ ಮೇಸ್ತ್ರಿ ನೌರೋಜಿ ಜಮ್ಷೆಡ್ಜಿ ವಾಡಿಯಾ. 74 ಅನ್ನುವುದು ಸುಮ್ಮನೆ ಒಂದು ಸಂಖ್ಯೆ ಅಲ್ಲ. ಯುರೋಪಿನ ನೌಕಾಪಡೆಗಳಲ್ಲಿ ಸಾಲುಗಟ್ಟಿ ಎದುರುಬದುರು ನಿಂತು ಕಾದಾಡುವ ಹಡಗುಗಳ ಅಳತೆ ಅದು. ಎರಡು ಡೆಕ್ ತುಂಬ ಫಿರಂಗಿ, ಮೂರು ಹಾಯಿಕಂಬ, ಪೂರ್ತಿ ಸಿಬ್ಬಂದಿ ಅಂದ್ರೆ ಐನೂರು ಆರುನೂರು ಜನ. ಉದ್ದ ಐವತ್ತು ಐವತ್ತೈದು ಮೀಟರ್ ಅಷ್ಟೇ. ಇವತ್ತು ನಮ್ಮ ಸೊಹಾರ್ ಬಂದರಿಗೆ ಅದಿರು ತರುವ ಹಡಗುಗಳು 360 ಮೀಟರ್ ಉದ್ದ ಇರ್ತವೆ, ಸಿಬ್ಬಂದಿ ಮೂವತ್ತರ ಆಚೀಚೆ. ಬಂದರಿನಲ್ಲಿ ಕೆಲಸ ಮಾಡುವ ನಮ್ಮವರು ಮನಸ್ಸಲ್ಲೇ ಅಳೆದು ನೋಡಬಹುದು: ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಜನ, ಫಿರಂಗಿಗಳ ನಡುವೆ ತೂಗುಹಾಕಿದ ಹಾಸಿಗೆ, ಕುಡಿಯುವ ನೀರು ಪೀಪಾಯಿಯಲ್ಲಿ. ಭಾರತದ ಈಚೆಗಿನ ಅರಬಿ ಸಮುದ್ರದಲ್ಲಿ ಅಂಥ ಹಡಗು ಇಟ್ಟುಕೊಂಡ ಏಷ್ಯಾದ ದೊರೆ ಆಗ ಸಯೀದ್ ಒಬ್ಬರೇ ಅಂದರೂ ನಡೆದೀತು.

1827ರ ಕೊನೆಗೆ ಸಯೀದ್ ಈ ಹಡಗನ್ನೇ ಮುಂದಿಟ್ಟುಕೊಂಡು ಆಫ್ರಿಕಾದ ಕಡೆ ಹೊರಟರು. ಈಶಾನ್ಯದ ಗಾಳಿ ಹಿಡಿದು ಹೋಗುವುದು, ನೈಋತ್ಯದ ಮುಂಗಾರು ಗಾಳಿಯಲ್ಲಿ ವಾಪಸ್ ಬರುವುದು. ಅರಬರಿಗೂ ನಮ್ಮ ಕರಾವಳಿಯ ಮಂಜಿಯವರಿಗೂ ಗೊತ್ತಿದ್ದ ಲೆಕ್ಕ. 1828ರ ಜನವರಿಯಲ್ಲಿ ಮೊಂಬಾಸಾ ಮುಂದೆ ಲಿವರ್‌ಪೂಲ್ ನಿಂತಿತು. ಅಲ್ಲಿನ ಮಜ್ರುಯಿ ಮನೆತನದವರು ಮಸ್ಕತ್ತಿನ ಮಾತು ಕೇಳದೆ ಸ್ವತಂತ್ರರಾಗಿದ್ದರು. ಹೋರಾಟ, ಮಾತುಕತೆ ಎಲ್ಲ ಆಗಿ ಫೋರ್ಟ್ ಜೀಸಸ್ ಕೋಟೆಯಲ್ಲಿ ಸಯೀದ್ ಸೈನಿಕರು ಕೂತರು. ಅಲ್ಲಿಂದ ಅವರು ಜಾಂಜಿಬಾರಿಗೆ ಹೋದರು. ಹಸಿರು, ಸಿಹಿನೀರು, ತೆಂಗಿನ ತೋಟ. ಮಸ್ಕತ್ತಿನ ಬೋಳು ಕಲ್ಲುಗುಡ್ಡದಲ್ಲಿ ಬೆಳೆದವರಿಗೆ ಅದನ್ನು ನೋಡಿ ಏನನ್ನಿಸಿರಬಹುದು ಅಂತ ಊರಿಗೆ ಮಳೆಗಾಲದಲ್ಲಿ ರಜೆ ಹೋದ ನಮಗೆಲ್ಲ ಗೊತ್ತು.

ಆದರೆ ದೊಡ್ಡ ಹಡಗು ಒಂದು ಸಲಕ್ಕೆ ಒಂದೇ ಕಡೆ ಇರಬಲ್ಲದು. ಸಯೀದ್ ಆಫ್ರಿಕಾದಲ್ಲಿದ್ದಾಗ ಒಮಾನಿನಲ್ಲಿ ಜಗಳ, ಒಮಾನಿಗೆ ಬಂದರೆ ಮೊಂಬಾಸಾದಲ್ಲಿ ಜಗಳ. 1830ರ ಹೊತ್ತಿಗೆ ಸೊಹಾರ್ ಅವರ ಕೈತಪ್ಪಿ ದಾಯಾದಿ ಹಮೂದ್ ಬಿನ್ ಅಝ್ಝಾನ್ ಪಾಲಾಗಿತ್ತು. ಸಮುದ್ರದ ಕಡೆಯಿಂದಲೂ ನೆಲದ ಕಡೆಯಿಂದಲೂ ಪ್ರಯತ್ನ ಪಟ್ಟರೂ ಅಜ್ಜ ಕಾಪಾಡಿದ ಕೋಟೆ ಮೊಮ್ಮಗನಿಗೆ ಬಗ್ಗಲಿಲ್ಲ. ಇಪ್ಪತ್ತು ವರ್ಷ ಕಳೆದು, 1850ರ ದಶಕದ ಆರಂಭಕ್ಕೆ, ಹಮೂದ್ ಸತ್ತ ಮೇಲೆಯೇ ಸೊಹಾರ್ ಮತ್ತೆ ಅವರಿಗೆ ಸಿಕ್ಕಿದ್ದು. ಮೊಂಬಾಸಾ ಪೂರ್ತಿ ಕೈಗೆ ಬಂದದ್ದು 1837ರಲ್ಲಿ. ಅಂದರೆ ಈ ಎಪ್ಪತ್ನಾಲ್ಕು ಫಿರಂಗಿಗಳ ಮೊದಲ ಆರ್ಭಟದಿಂದ ಶಾಶ್ವತವಾಗಿ ಗೆದ್ದ ಕೋಟೆ ಒಂದೂ ಇಲ್ಲ. ಹೆದರಿಸುವುದಕ್ಕೆ ಒಳ್ಳೆಯದು, ಸಾಕುವುದಕ್ಕೆ ದುಬಾರಿ.

ಜಾಂಜಿಬಾರಿನ ವಿಷಯಕ್ಕೆ ಬಂದರೆ, ಸಯೀದ್ ಒಳ್ಳೆಯ ವ್ಯಾಪಾರಿ ಅನ್ನುವುದರಲ್ಲಿ ಎರಡು ಮಾತಿಲ್ಲ. ಒಂದು ತೆಂಗಿನ ಮರಕ್ಕೆ ಮೂರು ಲವಂಗದ ಗಿಡ ನೆಡಲೇಬೇಕು ಅಂತ ತೋಟದ ಯಜಮಾನರಿಗೆ ಅಪ್ಪಣೆ ಮಾಡಿದರು. ಕೆಲವೇ ವರ್ಷಗಳಲ್ಲಿ ಜಗತ್ತಿನ ಲವಂಗದ ಪೇಟೆ ಅವರ ಕೈಯಲ್ಲಿತ್ತು. ಸುಂಕದ ವಸೂಲಿಯನ್ನು ಗುತ್ತಿಗೆಗೆ ಪಡೆದವರು ಕಛ್‌ನಿಂದ ಬಂದ ಜೈರಾಮ್ ಶಿವಜಿ ಮನೆತನದವರು. ಹಿಂದೂ ವರ್ತಕರು ತಮ್ಮ ಪೂಜೆ ಪದ್ಧತಿ ಇಟ್ಟುಕೊಂಡು ನೆಮ್ಮದಿಯಿಂದ ವ್ಯಾಪಾರ ಮಾಡುವ ವಾತಾವರಣ ಇತ್ತು. ಇದನ್ನು ಹೊಗಳಲೇಬೇಕು.

ಹೊಗಳಿ ನಿಲ್ಲಿಸಿದರೆ ಅರ್ಧ ಮಾತು ಹೇಳಿದ ಹಾಗೆ. ಲವಂಗದ ಮರ ಹತ್ತಿ ಮೊಗ್ಗು ಬಿಡಿಸಿದವರು ಗುಲಾಮರು. ಆಫ್ರಿಕಾದ ಒಳನಾಡಿನಿಂದ ಹಿಡಿದು, ಕರಾವಳಿಗೆ ನಡೆಸಿ ತಂದು, ಜಾಂಜಿಬಾರಿನ ಸಂತೆಯಲ್ಲಿ ಮಾರಿದ ಜನ. ಪ್ರತಿ ತಲೆಗೂ ಸುಂಕ ಇತ್ತು, ಆ ಸುಂಕ ಖಜಾನೆಗೆ ಬರುತ್ತಿತ್ತು. ಅವರಲ್ಲಿ ಕೆಲವರನ್ನು ಹಾಯಿದೋಣಿಗಳಲ್ಲಿ ತುಂಬಿ ಈ ಕಡೆಯ ತೀರಕ್ಕೂ ತರುತ್ತಿದ್ದರು. ಬ್ರಿಟಿಷರ ಒತ್ತಡಕ್ಕೆ ಸಯೀದ್ 1822ರಲ್ಲಿ ಒಂದು ಒಪ್ಪಂದ ಮಾಡಿ ಕ್ರೈಸ್ತ ದೇಶಗಳವರಿಗೆ ಗುಲಾಮರನ್ನು ಮಾರುವುದನ್ನು ನಿಷೇಧಿಸಿದರು. 1845ರಲ್ಲಿ ಇನ್ನೊಂದು ಒಪ್ಪಂದ ಮಾಡಿ ಆಫ್ರಿಕಾದ ತಮ್ಮ ಸೀಮೆಯಿಂದ ಹೊರಗೆ ಸಾಗಿಸುವುದನ್ನೂ ನಿಷೇಧಿಸಿದರು. ಎರಡರಿಂದಲೂ ಅವರ ಆದಾಯಕ್ಕೆ ಹೊಡೆತ ಬಿತ್ತು, ಪ್ರಜೆಗಳ ಸಿಟ್ಟೂ ಕಟ್ಟಿಕೊಂಡರು. ಆದರೆ ಜಾಂಜಿಬಾರಿನ ತೋಟಗಳಲ್ಲಿ ಗುಲಾಮಗಿರಿ ಅವರ ಕಾಲದಲ್ಲಿ ನಿಲ್ಲಲಿಲ್ಲ, ಕಾಯಿದೆ ಪ್ರಕಾರ ಅದು ಹೋಗಿದ್ದು 1897ರಲ್ಲಿ. ಒಪ್ಪಂದಕ್ಕೆ ಸಹಿ ಹಾಕಿಸಿದ ಬ್ರಿಟಿಷರೂ ಸಾಚಾ ಅಲ್ಲ. ಅಮೆರಿಕನ್ನರೂ ಯುರೋಪಿನವರೂ ಆ ಲವಂಗವನ್ನೂ ದಂತವನ್ನೂ ಬೆಲೆ ಕೊಟ್ಟು ಕೊಳ್ಳುತ್ತಲೇ ಇದ್ದರು. ದೊಡ್ಡವರ ಕಥೆಯಲ್ಲಿ ಈ ಭಾಗವನ್ನು ಸದ್ದಿಲ್ಲದೆ ದಾಟಿಹೋಗುವ ಅಭ್ಯಾಸ ಬರೆಯುವವರಿಗೆ ಇದೆ. ಪಾಸ್‌ಪೋರ್ಟ್, ಕಾಂಟ್ರ್ಯಾಕ್ಟ್, ವಾಪಸ್ ಟಿಕೆಟ್ ಇಟ್ಟುಕೊಂಡು ಸಮುದ್ರ ದಾಟಿದ ನಾವು ಅದನ್ನು ದಾಟಿಹೋಗಬಾರದು ಅನ್ನಿಸ್ತು, ಬರೆದೆ.

ಈಗ 1836. ಬ್ರಿಟಿಷರ ಸ್ನೇಹ ಸಯೀದ್ ಅವರಿಗೆ ಹಿಂದೆಂದಿಗಿಂತ ಹೆಚ್ಚು ಬೇಕಿತ್ತು. ಸೊಹಾರ್ ಕೈಯಲ್ಲಿಲ್ಲ, ಮೊಂಬಾಸಾ ಪೂರ್ತಿ ಬಂದಿಲ್ಲ, ಒಳನಾಡಿನಿಂದ ಬೆದರಿಕೆ. ಅವರು ತಮ್ಮ ಅತಿ ದೊಡ್ಡ ಹಡಗನ್ನು, ಅದೇ ಲಿವರ್‌ಪೂಲನ್ನು, ಇಂಗ್ಲೆಂಡಿನ ರಾಜ ನಾಲ್ಕನೇ ವಿಲಿಯಂಗೆ ಉಡುಗೊರೆಯಾಗಿ ಕಳಿಸಿಕೊಟ್ಟರು. ವಿಲಿಯಂ ಚಿಕ್ಕಂದಿನಲ್ಲಿ ನೌಕಾಪಡೆಯಲ್ಲಿ ಕೆಲಸ ಮಾಡಿದವರು, ನಾವಿಕ ರಾಜ ಅಂತಲೇ ಹೆಸರು. ಅಂಥವರಿಗೆ ಆಭರಣ ಕಳಿಸುವುದಕ್ಕಿಂತ ಹಡಗು ಕಳಿಸಿದ್ದು ಜಾಣತನ. ಜೊತೆಗೆ, ಆರುನೂರು ಜನರ ಸಂಬಳ, ಹಾಯಿ, ಹಗ್ಗ, ತಾಮ್ರದ ತಗಡು ಅಂತ ತಿಂಗಳು ತಿಂಗಳು ನುಂಗುವ ಆನೆಯನ್ನು ಮರ್ಯಾದೆಯಾಗಿ ದಾಟಿಸಿದಂತೆಯೂ ಆಯಿತು. ಇದು ನನ್ನ ಊಹೆ, ಆದರೆ ಅರಮನೆಯ ಆನೆಯ ಕಥೆ ನಮ್ಮಲ್ಲಿ ಎಲ್ಲರೂ ಕೇಳಿದವರೇ.

1836ರ ಮಾರ್ಚ್ 9ರಂದು ಹಡಗು ಬ್ರಿಟಿಷ್ ನೌಕಾಪಡೆಯ ಲೆಕ್ಕಕ್ಕೆ ಸೇರಿತು. ಕೊಟ್ಟವರ ಗೌರವಕ್ಕಾಗಿ ಹೆಸರನ್ನು ಇಮಾಮ್ ಅಂತ ಬದಲಾಯಿಸಿದರು. ಇಲ್ಲಿ ಒಂದು ತಮಾಷೆ ಇದೆ. ಒಮಾನಿನಲ್ಲಿ ಇಮಾಮ್ ಅಂದ್ರೆ ಧರ್ಮ ಬಲ್ಲ ಹಿರಿಯರು ಸೇರಿ ಆರಿಸುವ ಪದವಿ. ಸಯೀದ್ ಅವರ ಅಜ್ಜ ಹಾಗೆ ಇಮಾಮ್ ಆದವರು. ಸಯೀದ್ ಎಂದೂ ಆಗಲಿಲ್ಲ, ತಮ್ಮನ್ನು ಸಯ್ಯಿದ್ ಅಂತಲೇ ಕರೆದುಕೊಂಡರು. ಇಂಗ್ಲಿಷರು ಮಾತ್ರ ಮಸ್ಕತ್ತಿನ ಇಮಾಮ್ ಅಂತಲೇ ಬರೆಯುತ್ತಾ ಹೋದರು. ಹಾಗಾಗಿ ಸಯೀದ್ ಅವರಿಗೆ ಇಲ್ಲದ ಪದವಿಯ ಹೆಸರು ಅವರ ಹಡಗಿನ ಹಣೆಗೆ ಬಿತ್ತು. ನಮ್ಮಲ್ಲಿ ಎಷ್ಟೋ ಜನರ ಹೆಸರು ರೆಸಿಡೆಂಟ್ ಕಾರ್ಡಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಆಗಿ ಕೂತಿದೆಯಲ್ಲ, ಹಾಗೆ. ಒಮ್ಮೆ ದಾಖಲೆಗೆ ಬಿದ್ದ ಮೇಲೆ ಅದೇ ಹೆಸರು.

ಪ್ರತಿಯಾಗಿ ಇಂಗ್ಲೆಂಡಿನಿಂದ ಪ್ರಿನ್ಸ್ ರೀಜೆಂಟ್ ಅನ್ನುವ ರಾಜಮನೆತನದ ವಿಹಾರ ನೌಕೆ ಬಂತು. 1820ರಲ್ಲಿ ಕಟ್ಟಿದ್ದು, ಚಂದದ ಕೋಣೆಗಳು, ಭಾರೀ ಸಿಂಗಾರ. ಎಪ್ಪತ್ನಾಲ್ಕು ಫಿರಂಗಿ ಕೊಟ್ಟು ಸಿಂಗಾರದ ದೋಣಿ ಪಡೆದ ಹಾಗಾಯ್ತು. ಲೆಕ್ಕದಲ್ಲಿ ನಷ್ಟ. ಆದರೆ ಅದಾದ ಮೇಲೆ 1839ರಲ್ಲಿ ಬ್ರಿಟನ್ ಜೊತೆ ವ್ಯಾಪಾರದ ಒಪ್ಪಂದ ಆಯ್ತು, ಜಾಂಜಿಬಾರಿಗೆ ಬ್ರಿಟಿಷ್ ಕಾನ್ಸಲ್ ಬಂದರು. ಸಯೀದ್ ಬದುಕಿರುವವರೆಗೆ ಅವರ ರಾಜ್ಯವನ್ನು ದೊಡ್ಡ ದೇಶಗಳು ಹರಿದು ಹಂಚಿಕೊಳ್ಳಲಿಲ್ಲ. ಉಡುಗೊರೆಯ ನಿಜವಾದ ಬೆಲೆ ಅದೇ ಇರಬೇಕು.

ಅವರ ಇನ್ನೊಂದು ಹಡಗು ಸುಲ್ತಾನಾ. ಅದೂ ಮುಂಬೈಯದೇ, 1833ರಲ್ಲಿ ಮಜಗಾಂವಿನಲ್ಲಿ ಕಟ್ಟಿದ್ದು. ಅಮೆರಿಕದ ಜೊತೆ ಸಯೀದ್ 1833ರಲ್ಲೇ ಒಪ್ಪಂದ ಮಾಡಿಕೊಂಡಿದ್ದರು. ಎರಡು ವರ್ಷದ ಮೇಲೆ ಅದೇ ಕೆಲಸಕ್ಕೆ ಬಂದ ಅಮೆರಿಕದ ಯುದ್ಧನೌಕೆ ಮಸೀರಾ ದ್ವೀಪದ ಹತ್ತಿರ ನೆಲಕ್ಕೆ ತಾಗಿ ಸಿಕ್ಕಿಕೊಂಡಾಗ ಹಡಗು, ಆಹಾರ ಕಳಿಸಿ ನೆರವಾದರು. 1840ರ ಏಪ್ರಿಲ್ 30ರಂದು ಸುಲ್ತಾನಾ ನ್ಯೂಯಾರ್ಕ್ ತಲುಪಿತು. ಅಮೆರಿಕಕ್ಕೆ ಹೋದ ಮೊದಲ ಅರಬ್ ರಾಯಭಾರಿ ಅಹ್ಮದ್ ಬಿನ್ ನುಅಮಾನ್ ಅದರಲ್ಲಿದ್ದರು. ಮಸ್ಕತ್ತಿನ ಖರ್ಜೂರ, ಮೋಖಾದ ಕಾಫಿ, ಲವಂಗ, ದಂತ ಇಳಿಸಿದರು. ಅಧ್ಯಕ್ಷರಿಗೆ ಅರಬಿ ಕುದುರೆ, ಮುತ್ತು. ಅಧ್ಯಕ್ಷರು ಉಡುಗೊರೆ ಮುಟ್ಟುವಂತಿಲ್ಲ ಅಂತ ಅವರ ಸಂವಿಧಾನದಲ್ಲಿದೆ. ಸಂಸತ್ತಿನ ಒಪ್ಪಿಗೆ ಪಡೆದು ದೇಶದ ಹೆಸರಿಗೆ ತಗೊಂಡರು. ಹಡಗಿನ ಖಲಾಸಿಗಳನ್ನು ನೋಡಲು ನ್ಯೂಯಾರ್ಕಿನ ಜನ ಕಟ್ಟೆಯ ಮೇಲೆ ಮುಗಿಬಿದ್ದರಂತೆ. ಅಹ್ಮದ್ ಅವರ ವರ್ಣಚಿತ್ರ ಇ‌ವತ್ತೂ ಅಮೆರಿಕದ ಮ್ಯೂಸಿಯಮ್ಮಿನಲ್ಲಿದೆ. ಖಲಾಸಿಗಳದ್ದು ಇಲ್ಲ.

ಇಮಾಮ್ ಆಗಿ ಹೆಸರು ಬದಲಾದ ನಮ್ಮ ಹಡಗು ಬ್ರಿಟಿಷರ ಕೈಯಲ್ಲಿ ಏನು ಮಾಡಿತು ಅಂತ ಕೇಳ್ತೀರಿ. ಯುದ್ಧದ ಹೆಸರು ಅದಕ್ಕೆ ಬರಲೇ ಇಲ್ಲ. 1842ರಲ್ಲಿ ಅದನ್ನು ಜಮೈಕಾ ದ್ವೀಪದ ಪೋರ್ಟ್ ರಾಯಲ್ ಬಂದರಿನಲ್ಲಿ ಕಾಯಂ ಆಗಿ ನಿಲ್ಲಿಸಿದರು. ಕೆಲಸ ಏನಂದ್ರೆ, ಇಂಗ್ಲೆಂಡಿನಿಂದ ಬಂದ ನಾವಿಕರು ಮುಂದಿನ ಹಡಗಿಗೆ ಹೋಗುವ ತನಕ ಅದರಲ್ಲಿ ಉಳಿಯುವುದು, ಹಡಗು ಬಿಟ್ಟವರು ಊರಿಗೆ ಹೋಗುವ ದಾರಿ ಆಗುವ ತನಕ ಕಾಯುವುದು. ಅಲ್ಲಿನ ನೌಕಾ ಅಧಿಕಾರಿಯ ಬಾವುಟವೂ ಅದರ ಮೇಲೆಯೇ ಹಾರುತ್ತಿತ್ತು. ಒಟ್ಟಿನಲ್ಲಿ ಫಿರಂಗಿ ಹಡಗು ಹೋಗಿ ಲೇಬರ್ ಕ್ಯಾಂಪ್ ಆಯ್ತು. ಹೊಸ ವೀಸಾದಲ್ಲಿ ಬಂದವರನ್ನು ಸೈಟಿಗೆ ಹಾಕುವ ಮೊದಲು ನಾಲ್ಕು ದಿನ ಒಂದು ರೂಮಿನಲ್ಲಿ ಹತ್ತು ಜನರಂತೆ ಇಡುತ್ತಾರಲ್ಲ, ಅಂಥದ್ದು. ಸೊಳ್ಳೆ, ಸೆಕೆ, ಹಳದಿ ಜ್ವರಕ್ಕೆ ಕುಖ್ಯಾತವಾದ ಜಾಗ ಅದು. ಇಪ್ಪತ್ತು ವರ್ಷ ಆ ನೀರಿನಲ್ಲಿ ನಿಂತರೂ ತೇಗ ಕೊಳೆಯಲಿಲ್ಲ.

ಅತ್ತ ಸಯೀದ್ 1840ರ ಹೊತ್ತಿಗೆ ಜಾಂಜಿಬಾರನ್ನೇ ಮನೆ ಮಾಡಿಕೊಂಡಿದ್ದರು. ಒಮಾನನ್ನು ಮಗ ತುವೈನಿ ನೋಡಿಕೊಳ್ಳುತ್ತಿದ್ದರು. 1854ರಲ್ಲಿ ಪರ್ಷಿಯಾದ ಜೊತೆ ಬಂದರ್ ಅಬ್ಬಾಸ್ ವಿಷಯಕ್ಕೆ ತಕರಾರು ಎದ್ದು ಸಯೀದ್ ಮತ್ತೆ ಒಮಾನಿಗೆ ಬಂದರು. ಎರಡು ವರ್ಷ ಇಲ್ಲೇ ಕಳೆದು, ಅದನ್ನು ಒಂದು ಹದಕ್ಕೆ ತಂದು, 1856ರಲ್ಲಿ ವಿಕ್ಟೋರಿಯಾ ಅನ್ನುವ ಹಡಗಿನಲ್ಲಿ ಜಾಂಜಿಬಾರಿಗೆ ಹೊರಟರು. ವಯಸ್ಸು 65. ಅವರ ಮಗಳು ಸಲ್ಮಾ, ಮುಂದೆ ಜರ್ಮನಿಗೆ ಹೋಗಿ ನೆಲೆಸಿ 1886ರಲ್ಲಿ ತಮ್ಮ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿ ಒಂದು ವಿಷಯ ಬರ್ತದೆ. ಹೊರಡುವಾಗ ಸಯೀದ್ ಹಡಗಿಗೆ ಒಂದಷ್ಟು ಮರದ ಹಲಗೆ ಹೇರಿಸಿಕೊಂಡಿದ್ದರು. ದಾರಿಯಲ್ಲಿ ಯಾರಾದರೂ ಸತ್ತರೆ ಹೆಣವನ್ನು ಸಮುದ್ರಕ್ಕೆ ಹಾಕಬಾರದು, ಪೆಟ್ಟಿಗೆ ಮಾಡಿ ಜಾಂಜಿಬಾರಿಗೆ ತರಬೇಕು ಅಂತ ಹೇಳಿದ್ದರಂತೆ. ಐವತ್ತು ವರ್ಷ ಸಮುದ್ರದ ಮೇಲೆ ಓಡಾಡಿದವರಿಗೆ ಎಷ್ಟು ಜನರನ್ನು ಗೋಣಿಯಲ್ಲಿ ಸುತ್ತಿ ನೀರಿಗೆ ಬಿಟ್ಟದ್ದು ನೆನಪಿತ್ತೋ ಏನೋ.

ಅಕ್ಟೋಬರ್ 19ರಂದು ಸೇಶೆಲ್ಸ್ ದ್ವೀಪಗಳ ಹತ್ತಿರ ಅವರು ತೀರಿಕೊಂಡರು. ಆ ಹಲಗೆಗಳು ಅವರಿಗೇ ಬೇಕಾದವು. ಜೊತೆಯಲ್ಲಿದ್ದ ಮಗ ಬರ್ಗಾಶ್ ದೇಹವನ್ನು ಜಾಂಜಿಬಾರಿಗೆ ತಂದು ರಾತ್ರಿಯಲ್ಲೇ ದಫನ್ ಮಾಡಿಸಿದರು. ಇಲ್ಲಿ ಸತ್ತವರನ್ನು ಊರು ಮುಟ್ಟಿಸಲು ನಮ್ಮ ಸಂಘದವರು ಎಂಬಸಿ, ಆಸ್ಪತ್ರೆ, ಏರ್‌ಪೋರ್ಟ್ ಅಂತ ಓಡಾಡುವುದನ್ನು ಕಣ್ಣಾರೆ ಕಂಡವರಿಗೆ ಆ ಹಲಗೆಯ ಮಾತು ಬೇಗ ಮರೆಯುವುದಿಲ್ಲ.

ಅವರ ನಂತರ ರಾಜ್ಯ ಎರಡಾಯಿತು. 1861ರಲ್ಲಿ ಭಾರತದ ವೈಸ್‌ರಾಯ್ ಕ್ಯಾನಿಂಗ್ ತೀರ್ಪು ಕೊಟ್ಟು ಜಾಂಜಿಬಾರ್ ಮಜೀದ್‌ಗೆ, ಒಮಾನ್ ತುವೈನಿಗೆ ಅಂತ ಪಾಲು ಮಾಡಿದರು. ಜಾಂಜಿಬಾರ್ ವರ್ಷಕ್ಕೆ 40,000 ಕ್ರೌನ್ ಒಮಾನಿಗೆ ಕೊಡಬೇಕು ಅಂತಾಯ್ತು. ತುವೈನಿ 1866ರಲ್ಲಿ ಸ್ವಂತ ಮಗ ಸಾಲಿಮ್ ಕೈಯಿಂದ ಸತ್ತರು, ಇಲ್ಲೇ ನಮ್ಮ ಸೊಹಾರಿನಲ್ಲಿ.

ಪೋರ್ಟ್ ರಾಯಲ್‌ನಲ್ಲಿ ನಿಂತಿದ್ದ ಹಡಗನ್ನು ಒಡೆದು ಹಾಕಿದ್ದೂ 1860ರ ದಶಕದಲ್ಲೇ. ಅಷ್ಟರಲ್ಲಿ ಉಗಿಯಂತ್ರ, ಕಬ್ಬಿಣದ ಕವಚ ಬಂದು ಹಾಯಿ ಹಡಗುಗಳಿಗೆ ಕೆಲಸವೇ ಇರಲಿಲ್ಲ. ಅದರ ಜೊತೆಯವುಗಳಲ್ಲಿ ಒಂದು ಮಾತ್ರ ಇವತ್ತಿಗೂ ನೀರಿನ ಮೇಲಿದೆ: ಅದೇ ಮುಂಬೈ ಕಟ್ಟೆಯಲ್ಲಿ ವಾಡಿಯಾಗಳು 1817ರಲ್ಲಿ ಇಳಿಸಿದ ಟ್ರಿಂಕೋಮಲಿ. ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್ ಊರಿನಲ್ಲಿ ಅದನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಯಾರಾದರೂ ಆ ಕಡೆ ಹೋದರೆ ಟಿಕೆಟ್ ತಗೊಂಡು ಒಳಗೆ ಹೋಗಿ, ಡೆಕ್ಕಿನ ತೊಲೆಗಳ ಮೇಲೆ ಒಮ್ಮೆ ಕೈ ಇಟ್ಟು ನೋಡಿ.